ಡ್ರೇಪ್ ಬಂದ ಮೇಲೆ ಹೆರಿಗೆಯ ರಕ್ತಸ್ರಾವದ ಪ್ರಕರಣಗಳು ಹೆಚ್ಚಾಗಿವೆ: ಈ ಅಂಕಿಗಳನ್ನು ಹೇಗೆ ಓದಬೇಕು?

ಪ್ರಶ್ನೆ: ಶುಶ್ರೂಷಾಧಿಕಾರಿ, ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಸಂಶೋಧನಾ ವಿಧಾನವನ್ನು ನರ್ಸಿಂಗ್ ಓದುವಾಗ ಒಂದು ವಿಷಯವಾಗಿ ಕಲಿತದ್ದನ್ನು ಬಿಟ್ಟರೆ ಅದರಲ್ಲಿ ನನಗೆ ಪರಿಣತಿ ಇಲ್ಲ. ಆದ್ದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ.

ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಯಿತೆಂಬುದನ್ನು ನಮ್ಮಲ್ಲಿ ಮೊದಲಿನಿಂದಲೂ ಕಣ್ಣಳತೆಯಲ್ಲೇ ಬರೆಯುತ್ತಿದ್ದೆವು. ಮಗು ಹೊರಬಂದು, ಮಾಸು ಬಿದ್ದು, ಹೊಲಿಗೆ ಇದ್ದರೆ ಅದನ್ನೂ ಮುಗಿಸಿ, ತಾಯಿಯನ್ನು ಶುಚಿಗೊಳಿಸಿದ ಮೇಲೆ ಕೇಸ್ ಶೀಟ್ ಕೈಗೆತ್ತಿಕೊಳ್ಳುತ್ತಿದ್ದೆವು. ಟ್ರೇಯಲ್ಲಿ ಕಂಡದ್ದು, ಪ್ಯಾಡು ಹೀರಿದ್ದು, ನೆಲಕ್ಕೆ ಬಿದ್ದದ್ದು ಎಲ್ಲವನ್ನೂ ಮನಸ್ಸಿನಲ್ಲೇ ಕೂಡಿ 150 ಅಥವಾ 200 ಮಿಲಿಲೀಟರ್ ಎಂದು ಬರೆಯುವುದು ರೂಢಿಯಾಗಿತ್ತು. ಕಳೆದ ವರ್ಷದ ಜುಲೈಯಿಂದ, ಕೆಳಗೆ ಚೀಲವಿದ್ದು ಅದರ ಮೇಲೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಡ್ರೇಪನ್ನು ಪ್ರತಿ ಸಹಜ ಹೆರಿಗೆಯಲ್ಲೂ ತಾಯಿಯ ಅಡಿಯಲ್ಲಿ ಹಾಸತೊಡಗಿದೆವು.

ಜನವರಿಯಿಂದ ಜೂನ್‌ವರೆಗೆ ನಮ್ಮಲ್ಲಿ 284 ಸಹಜ ಹೆರಿಗೆಗಳಾಗಿದ್ದು, 500 ಮಿ.ಲೀ. ದಾಟಿದ ಪ್ರಸವೋತ್ತರ ರಕ್ತಸ್ರಾವವೆಂದು ದಾಖಲಾದವು 5. ಜುಲೈಯಿಂದ ಡಿಸೆಂಬರ್‌ವರೆಗೆ 271 ಹೆರಿಗೆಗಳಲ್ಲಿ 19 ದಾಖಲಾಗಿವೆ. ಎರಡೂ ಅವಧಿಗಳಲ್ಲಿ ತಾಯಿಯ ಸಾವು ಒಂದೂ ಆಗಿಲ್ಲ. ಪರಿಶೀಲನಾ ಸಭೆಯಲ್ಲಿ ಈ ಹೆಚ್ಚಳಕ್ಕೆ ವಿವರಣೆ ಕೇಳಿದರು. ಗರ್ಭದ ನೀರು ಮತ್ತು ಮೂತ್ರವೂ ಚೀಲಕ್ಕೆ ಸೇರುವುದರಿಂದ ಈ ಅಳತೆಯನ್ನು ನಂಬಲಾಗದು ಎಂದು ಕೆಲವರು ಹೇಳಿದರು. ಆರೈಕೆಯ ಗುಣಮಟ್ಟವೇ ಕುಸಿದಿದೆ ಎಂದು ಇನ್ನು ಕೆಲವರು ಹೇಳಿದರು. ಸದ್ಯಕ್ಕೆ ಹಳೆಯ ಪದ್ಧತಿಗೇ ಮರಳಿ ಎಂಬ ಮಾತೂ ಬಂದಿದೆ.

ಡ್ರೇಪ್ ಹಾಸಿದ ಮಾತ್ರಕ್ಕೆ ಯಾರಿಗೂ ಹೆಚ್ಚು ರಕ್ತ ಹೋಗುವುದಿಲ್ಲವೆಂದು ನನಗೆ ಗೊತ್ತು. ಆದರೆ ಸಭೆಯಲ್ಲಿ ಅದನ್ನು ಸಾಧಾರವಾಗಿ ಹೇಳಲು ನನ್ನಿಂದ ಆಗಲಿಲ್ಲ. ಈ ಎರಡು ಅವಧಿಗಳನ್ನು ಹೋಲಿಸುವುದು ಸರಿಯೇ? ಸರಿಯಲ್ಲವೆಂದಾದರೆ ಡ್ರೇಪಿನಿಂದ ತಾಯಂದಿರಿಗೆ ಒಳ್ಳೆಯದಾಗಿದೆಯೇ ಇಲ್ಲವೇ ಎಂಬುದನ್ನು ನಮ್ಮದೇ ದಾಖಲೆಗಳಿಂದ ತಿಳಿಯುವುದು ಹೇಗೆ?

ಉತ್ತರ 1: ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕ

ಸಿಸ್ಟರ್, ನೀವು ಹೋಲಿಸುತ್ತಿರುವ ಎರಡು ಅಂಕಿಗಳನ್ನು ಬೇರೆ ಬೇರೆ ಅಳತೆಗೋಲುಗಳಿಂದ ಪಡೆಯಲಾಗಿದೆ. ಮಳೆಮಾಪಕವೇ ಇಲ್ಲದ ಊರಿನಲ್ಲಿ ಅಂಗಳ ನೋಡಿ ಮಳೆ ಅಂದಾಜು ಮಾಡುತ್ತಿದ್ದವರು ಒಂದು ವರ್ಷ ಮಾಪಕ ನೆಟ್ಟರೆಂದುಕೊಳ್ಳಿ. ಆ ವರ್ಷದ ದಾಖಲೆಯಲ್ಲಿ ಮಳೆ ಹೆಚ್ಚು ಕಂಡರೆ ಮಾಪಕದಿಂದಲೇ ಮಳೆ ಬಂತೆಂದು ಯಾರೂ ಹೇಳುವುದಿಲ್ಲ. ಚಿಕಿತ್ಸೆ ಬದಲಾದಾಗಲೇ ಪತ್ತೆಹಚ್ಚುವ ವಿಧಾನವೂ ಬದಲಾದರೆ, ಅಂಕಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಯಾವುದರ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಸಂಶೋಧನಾ ವಿಧಾನದಲ್ಲಿ ಇದನ್ನು ಪತ್ತೆಯ ಪಕ್ಷಪಾತ ಎನ್ನುತ್ತಾರೆ.

ಕಣ್ಣಳತೆ ಎಷ್ಟರಮಟ್ಟಿಗೆ ತಪ್ಪುತ್ತದೆ ಎಂಬುದಕ್ಕೆ ಬಹಳ ದೂರ ಹುಡುಕಬೇಕಾಗಿಲ್ಲ. ನೀವು ಬಳಸುತ್ತಿರುವಂಥ, ಕೊಳವೆಯಾಕಾರದ ಚೀಲವಿರುವ ಡ್ರೇಪನ್ನು ಒರೆಗೆ ಹಚ್ಚಿದ ಮೊದಲ ಸ್ಥಳಗಳಲ್ಲಿ ನಮ್ಮ ಬೆಳಗಾವಿಯೂ ಒಂದು. 2006ರಲ್ಲಿ ಪ್ರಕಟವಾದ ಬೆಳಗಾವಿಯ ಅಧ್ಯಯನವೊಂದರಲ್ಲಿ ಹೆರಿಗೆಯಾದ ಮಹಿಳೆಯರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದರಲ್ಲಿ ಕಣ್ಣಳತೆಯಿಂದಲೂ ಇನ್ನೊಂದರಲ್ಲಿ ಡ್ರೇಪಿನಿಂದಲೂ ರಕ್ತದ ಪ್ರಮಾಣವನ್ನು ಬರೆದರು. ಕಣ್ಣಳತೆಯ ಅಂಕಿ ಡ್ರೇಪಿನ ಅಂಕಿಗಿಂತ ಸರಾಸರಿ ಮೂರನೆಯ ಒಂದು ಭಾಗದಷ್ಟು ಕಡಿಮೆಯಿತ್ತು. ಅಂದರೆ ನಿಜವಾಗಿ 600 ಮಿ.ಲೀ. ರಕ್ತ ಹೋದ ತಾಯಿಯ ಕೇಸ್ ಶೀಟಿನಲ್ಲಿ 400 ಎಂದು ಬರೆದಿರುವ ಸಾಧ್ಯತೆ ಇದೆ, ಮತ್ತು 400 ಎಂದು ಬರೆದ ಮೇಲೆ ಆಕೆಯನ್ನು ಯಾರೂ ರಕ್ತಸ್ರಾವದ ಪ್ರಕರಣವೆಂದು ಪರಿಗಣಿಸುವುದಿಲ್ಲ.

ಅದೇ ವರ್ಷ ಪ್ರಕಟವಾದ ಬೆಳಗಾವಿ ಜಿಲ್ಲೆಯ ಮತ್ತೊಂದು ಪ್ರಯೋಗವನ್ನು ನೋಡಿದರೆ ಹೋಲಿಕೆ ಹೇಗಿರಬೇಕೆಂಬುದು ಮನಸ್ಸಿಗೆ ಬರುತ್ತದೆ. ಹಳ್ಳಿಯ ಮನೆಗಳಲ್ಲಿ ಮತ್ತು ಉಪಕೇಂದ್ರಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯರು ಮಾಡಿಸುತ್ತಿದ್ದ ಹೆರಿಗೆಗಳಲ್ಲಿ, 1620 ಮಹಿಳೆಯರಿಗೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ, ಗರ್ಭಕೋಶವನ್ನು ಕುಗ್ಗಿಸಿ ರಕ್ತಸ್ರಾವ ತಡೆಯುವ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆಯನ್ನೋ ಅದರಂತೆಯೇ ಕಾಣುವ, ಔಷಧವಿಲ್ಲದ ಪ್ಲಸೀಬೊ ಮಾತ್ರೆಯನ್ನೋ ಕೊಟ್ಟರು. ರಕ್ತಸ್ರಾವ ಪ್ಲಸೀಬೊ ಗುಂಪಿನಲ್ಲಿ ಶೇ. 12.0, ಔಷಧದ ಗುಂಪಿನಲ್ಲಿ ಶೇ. 6.4 ಆಗಿತ್ತು. 1000 ಮಿ.ಲೀ. ದಾಟಿದ ತೀವ್ರ ರಕ್ತಸ್ರಾವ ಶೇ. 1.2ರಿಂದ ಶೇ. 0.2ಕ್ಕೆ ಇಳಿಯಿತು. 12.0ರಿಂದ 6.4 ಕಳೆದರೆ 5.6, ನೂರನ್ನು ಅದರಿಂದ ಭಾಗಿಸಿದರೆ ಸುಮಾರು 18. ಹದಿನೆಂಟು ಬಾಣಂತಿಯರಿಗೆ ಮಾತ್ರೆ ಕೊಟ್ಟರೆ ಒಬ್ಬಳನ್ನು ರಕ್ತಸ್ರಾವದಿಂದ ತಪ್ಪಿಸಿದಂತಾಯಿತು. ಈ ಲೆಕ್ಕವನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಂದ ಕಪ್ಪುಹಲಗೆಯ ಮೇಲೆ ಮಾಡಿಸುತ್ತೇನೆ, ಏಕೆಂದರೆ ನಮ್ಮ ನೆಲದಲ್ಲೇ, ನಮ್ಮ ಸಹಾಯಕಿಯರ ಕೈಯಲ್ಲೇ ಹುಟ್ಟಿದ ಪುರಾವೆ ಅದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಿಮ್ಮ ಪ್ರಶ್ನೆಯ ಮಟ್ಟಿಗೆ ಮುಖ್ಯವಾದ ಅಂಶವೆಂದರೆ, ಎರಡೂ ಗುಂಪಿನ ತಾಯಂದಿರ ಅಡಿಯಲ್ಲಿ ಹಾಸಿದ್ದು ಒಂದೇ ಬಗೆಯ ಡ್ರೇಪ್. ಅಳತೆಗೋಲು ಒಂದೇ ಆಗಿದ್ದುದರಿಂದ ಉಳಿದ ವ್ಯತ್ಯಾಸವನ್ನು ಔಷಧದ ಲೆಕ್ಕಕ್ಕೆ ಬರೆಯಲು ಸಾಧ್ಯವಾಯಿತು.

ಇನ್ನು ನಿಮ್ಮ ದಾಖಲೆಗಳ ವಿಷಯ. ಡ್ರೇಪ್ ಇದ್ದರೂ ಇಲ್ಲದಿದ್ದರೂ ಒಂದೇ ರೀತಿಯಲ್ಲಿ ದಾಖಲಾಗುವ ಘಟನೆಗಳನ್ನು ಮಾತ್ರ ಎರಡೂ ಅವಧಿಗಳಲ್ಲಿ ಎಣಿಸಿ: ರಕ್ತ ಕೊಡಬೇಕಾಗಿ ಬಂದವರು, ರಕ್ತಸ್ರಾವಕ್ಕೆಂದು ಮೇಲಿನ ಆಸ್ಪತ್ರೆಗೆ ಕಳುಹಿಸಿದವರು, ಶಸ್ತ್ರಚಿಕಿತ್ಸೆಗೆ ಒಳಗಾದವರು, ಹೆರಿಗೆಗೆ ಮೊದಲು ಮತ್ತು ಎರಡನೆಯ ದಿನ ಹಿಮೋಗ್ಲೋಬಿನ್ ಪರೀಕ್ಷೆಯಾಗಿದ್ದರೆ ಅದು ಎಷ್ಟು ಇಳಿಯಿತು ಎಂಬುದು. ಜೊತೆಗೆ ಎರಡು ಕೆಲಸ ಮಾಡಿ. ಮೊದಲ ಆರು ತಿಂಗಳ ರಕ್ತದ ಅಂಕಿಗಳನ್ನು ಸುಮ್ಮನೆ ಒಂದು ಹಾಳೆಯಲ್ಲಿ ಇಳಿಸಿ ನೋಡಿ. ಅವೆಲ್ಲ 150, 200, 250ರಲ್ಲೇ ಗುಂಪುಗೂಡಿದ್ದರೆ ಅದು ಅಳತೆಯಲ್ಲ, ರೂಢಿ. ಎರಡನೆಯದಾಗಿ, ರೆಫರಲ್ ರಿಜಿಸ್ಟರಿನಲ್ಲಿ ರಕ್ತಸ್ರಾವಕ್ಕೆಂದು ಕಳುಹಿಸಿದ ತಾಯಂದಿರನ್ನು ಹೆರಿಗೆ ರಿಜಿಸ್ಟರಿನಲ್ಲಿ ಹುಡುಕಿ, ಅವರ ಎದುರು ಎಷ್ಟು ಎಂದು ಬರೆದಿದೆ ನೋಡಿ.

ಉತ್ತರ 2: ನಿವೃತ್ತ ನರ್ಸಿಂಗ್ ಬೋಧಕಿ

ಮೇಲಿನ ಸರ್ ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿ ಇದೆ. ಆದರೂ ಸಭೆಯಲ್ಲಿ ಬಂದ ಗರ್ಭದ ನೀರಿನ ಆಕ್ಷೇಪವನ್ನು ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ಮಗು ಹೊರಬರುವ ಮೊದಲೇ ಡ್ರೇಪ್ ಹಾಸಿ ಚೀಲವನ್ನು ಬಿಡಿಸಿಬಿಟ್ಟರೆ ನೀರೆಲ್ಲ ಅದರಲ್ಲೇ ತುಂಬುತ್ತದೆ. ಮಗು ಹುಟ್ಟಿ, ಹಿಂದೆಯೇ ಬರುವ ನೀರು ಹರಿದುಹೋದ ಮೇಲೆ ಡ್ರೇಪನ್ನು ತಾಯಿಯ ಸೊಂಟದ ಕೆಳಗೆ ಸರಿಸಿ, ಚೀಲವನ್ನು ಮಂಚದ ತುದಿಯಿಂದ ಇಳಿಬಿಡಬೇಕು. ಗೆರೆಯನ್ನು ಬಗ್ಗಿ ಕಣ್ಣಿನ ನೇರಕ್ಕೆ ತಂದು ಓದಬೇಕು. ನಿಂತಲ್ಲಿಂದ ಓದಿದರೆ ತಪ್ಪುತ್ತದೆ. ನಿಮ್ಮ ಪಾಳಿಗಳಲ್ಲಿ ಎಲ್ಲರೂ ಒಂದೇ ರೀತಿ ಮಾಡುತ್ತಿದ್ದಾರೆಯೇ ಎಂದು ಒಂದು ವಾರ ಗಮನಿಸಿ. ಹಗಲಿನ ಸಿಸ್ಟರ್ ಮಗು ಬಂದ ಮೇಲೆ ಹಾಸುತ್ತಾ, ರಾತ್ರಿಯವರು ಮೊದಲೇ ಹಾಸುತ್ತಾ ಇದ್ದರೆ ಹೊಸ ಅಳತೆಗೋಲಿನಲ್ಲೂ ಎರಡು ಅಳತೆಗಳಾದವು.

ಡ್ರೇಪಿನಾಚೆ ಹೋದ ರಕ್ತಕ್ಕೆ ತಕ್ಕಡಿ ಬಳಸಿ. ಒಣ ಪ್ಯಾಡಿನ ತೂಕವನ್ನು ಮೊದಲೇ ಗೋಡೆಯ ಮೇಲೆ ಬರೆದಿಡಿ; ನೆನೆದ ಪ್ಯಾಡಿನ ತೂಕದಿಂದ ಅದನ್ನು ಕಳೆಯಿರಿ; ಒಂದು ಗ್ರಾಮಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ಸಾಕು. ಶಿಶುಗಳನ್ನು ತೂಗುವ ತಕ್ಕಡಿ ಇದಕ್ಕೆ ಬೇಡ, ಅಡುಗೆಮನೆಯಲ್ಲಿ ಬಳಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಒಂದನ್ನು ಬೇರೆ ಇಟ್ಟುಕೊಳ್ಳಿ.

ಇನ್ನೊಂದು ವಿಷಯವನ್ನೂ ಕೇಳಬೇಕಾಗಿದೆ. ಆ ಹನ್ನೆರಡು ತಿಂಗಳಲ್ಲಿ ಡ್ರೇಪಿನ ಹೊರತು ಬೇರೇನಾದರೂ ಬದಲಾಯಿತೇ? ಗರ್ಭಕೋಶ ಕುಗ್ಗಲೆಂದು ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವುದುಂಟು. ಫ್ರಿಜ್ ನಿಂತು ಔಷಧದ ಸತ್ವ ಕುಂದಿದ್ದರೆ ನಿಜವಾಗಿಯೇ ರಕ್ತಸ್ರಾವ ಹೆಚ್ಚಾಗಿರಬಹುದು, ಅದು ಡ್ರೇಪ್ ಬಂದ ತಿಂಗಳುಗಳಲ್ಲೇ ಆಗಿರಬಹುದು. ಫ್ರಿಜ್‌ನ ತಾಪಮಾನದ ಪುಸ್ತಕವನ್ನೊಮ್ಮೆ ತೆರೆದು ನೋಡಿ.

ಉತ್ತರ 3: ಪ್ರಸೂತಿ ತಜ್ಞೆ, ಜಿಲ್ಲಾ ಆಸ್ಪತ್ರೆ

ಡ್ರೇಪಿನ ಪರವಾಗಿಯೇ ನಾನೂ ಇದ್ದೇನೆ. ಆದರೆ ಅದರಿಂದಲೇ ತಾಯಂದಿರು ಉಳಿಯುತ್ತಾರೆಂದು ಸಭೆಯಲ್ಲಿ ಹೇಳಬೇಡಿ, ಏಕೆಂದರೆ ಪುರಾವೆ ಹಾಗೆ ಹೇಳುವುದಿಲ್ಲ. ಯೂರೋಪಿನ 13 ದೇಶಗಳ 78 ಹೆರಿಗೆ ಘಟಕಗಳಲ್ಲಿ ಇದನ್ನೇ ಪರೀಕ್ಷಿಸಿದ್ದರು. ಫಲಿತಾಂಶ 2010ರಲ್ಲಿ ಬಂತು. ಕೆಲವು ಘಟಕಗಳಿಗೆ ರಕ್ತ ಸಂಗ್ರಹಿಸುವ ಚೀಲ ಕೊಟ್ಟು, ಉಳಿದವುಗಳಲ್ಲಿ ಕಣ್ಣಳತೆಯನ್ನೇ ಮುಂದುವರಿಸಿದರು. ಸರ್ ಮೇಲೆ ಹೇಳಿದಂತೆಯೇ, ಚೀಲದಲ್ಲಿ ಕಂಡ ಮಿಲಿಲೀಟರನ್ನು ಫಲಿತಾಂಶವಾಗಿ ತೆಗೆದುಕೊಳ್ಳದೆ, ರಕ್ತ ಕೊಟ್ಟದ್ದು, ಶಸ್ತ್ರಚಿಕಿತ್ಸೆ ಮಾಡಿದ್ದು, ತೀವ್ರ ನಿಗಾ ಘಟಕಕ್ಕೆ ಸೇರಿಸಿದ್ದು, ಸಾವು ಮುಂತಾದವನ್ನೇ ಎಣಿಸಿದರು. 25,381 ಹೆರಿಗೆಗಳ ಕೊನೆಯಲ್ಲಿ ತೀವ್ರ ರಕ್ತಸ್ರಾವ ಚೀಲ ಕೊಟ್ಟ ಕಡೆ ಶೇ. 1.71, ಕಣ್ಣಳತೆಯ ಕಡೆ ಶೇ. 2.06. ಆ ಅಂತರ ಆಕಸ್ಮಿಕಕ್ಕಿಂತ ಹೆಚ್ಚಿನದೆಂದು ಹೇಳಲು ಆಧಾರ ಸಿಗಲಿಲ್ಲ.

2023ರಲ್ಲಿ ಪ್ರಕಟವಾದ ಇ-ಮೋಟಿವ್ ಪ್ರಯೋಗದಲ್ಲಿ ಚಿತ್ರ ಬದಲಾಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ 80 ಆಸ್ಪತ್ರೆಗಳು, 2,10,132 ಸಹಜ ಹೆರಿಗೆಗಳು. ಯಾದೃಚ್ಛಿಕವಾಗಿ ಹಂಚಿದ್ದು ಒಬ್ಬೊಬ್ಬ ತಾಯಿಯನ್ನಲ್ಲ, ಇಡೀ ಆಸ್ಪತ್ರೆಗಳನ್ನು. ಒಂದೇ ವಾರ್ಡಿನ ಸಿಬ್ಬಂದಿ ಒಂದು ಮಂಚಕ್ಕೆ ಹೊಸ ಪದ್ಧತಿಯನ್ನೂ ಪಕ್ಕದ ಮಂಚಕ್ಕೆ ಹಳೆಯದನ್ನೂ ಪಾಲಿಸಲಾರರಾದ್ದರಿಂದ ಇಂಥ ವಿಷಯಕ್ಕೆ ಆ ವಿನ್ಯಾಸವೇ ತಕ್ಕದ್ದು. ಹೊಸ ಪದ್ಧತಿಯಲ್ಲಿ ಡ್ರೇಪಿನ ಜೊತೆಗೆ, 500 ಮಿ.ಲೀ. ದಾಟಿದ ಕೂಡಲೇ, ಅಥವಾ 300 ದಾಟಿ ತಾಯಿಯ ಸ್ಥಿತಿಯಲ್ಲಿ ಏರುಪೇರು ಕಂಡರೆ, ಮಾಡಬೇಕಾದ ಕೆಲಸಗಳೂ ನಿಗದಿಯಾಗಿದ್ದವು: ಗರ್ಭಕೋಶವನ್ನು ನೀವುವುದು, ಆಕ್ಸಿಟೋಸಿನ್, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ರಕ್ತನಾಳದ ಮೂಲಕ ದ್ರವ, ಪರೀಕ್ಷೆ, ಹಿರಿಯರನ್ನು ಕರೆಯುವುದು. ಒಂದೊಂದನ್ನೇ ಮಾಡಿ ಕಾದು ನೋಡುತ್ತಾ ಕೂರದೆ ಎಲ್ಲವನ್ನೂ ಒಟ್ಟಿಗೆ ಮಾಡುತ್ತಾರೆ. ಹಳೆಯ ಪದ್ಧತಿಯ ಆಸ್ಪತ್ರೆಗಳಲ್ಲಿ ಗೆರೆಗಳಿಲ್ಲದ ಡ್ರೇಪ್ ಹಾಸಿ, ಅದರಲ್ಲಿ ಸೇರಿದ ರಕ್ತವನ್ನು ಲೆಕ್ಕಕ್ಕಾಗಿ ಮಾತ್ರ ತೂಗಿದರು. ನಿಮ್ಮ ತೊಡಕು ಅಲ್ಲಿ ಬಾರದಂತೆ ಅವರು ಕಂಡುಕೊಂಡ ಉಪಾಯ ಅದು, ಮತ್ತು ಆ ಇಡೀ ಪ್ರಯೋಗದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಅಂಶವೂ ಅದೇ. ತೀವ್ರ ರಕ್ತಸ್ರಾವ, ರಕ್ತಸ್ರಾವಕ್ಕಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಅಥವಾ ಅದರಿಂದ ಸಾವು, ಇವು ಮೂರರಲ್ಲಿ ಯಾವುದಾದರೂ ಒಂದು ಸಂಭವಿಸಿದ್ದು ಹಳೆಯ ಪದ್ಧತಿಯಲ್ಲಿ ಶೇ. 4.3, ಹೊಸದರಲ್ಲಿ ಶೇ. 1.6. ರಕ್ತಸ್ರಾವ ಆದವರಲ್ಲಿ ಅದನ್ನು ಸಿಬ್ಬಂದಿ ಗುರುತಿಸಿದ್ದು ಹಳೆಯದರಲ್ಲಿ ಶೇ. 51.1, ಹೊಸದರಲ್ಲಿ ಶೇ. 93.1. ಕಣ್ಣಳತೆಯಲ್ಲಿ ಸರಿಸುಮಾರು ಅರ್ಧದಷ್ಟು ತಾಯಂದಿರು ಯಾರ ಗಮನಕ್ಕೂ ಬಾರದೆ ಹೋಗುತ್ತಿದ್ದರು.

ಬೇಗ ಗುರುತಿಸುವುದು ಏಕೆ ಮುಖ್ಯವೆಂದರೆ ಔಷಧಕ್ಕೂ ಹೊತ್ತು ಮೀರುವುದುಂಟು. 21 ದೇಶಗಳ 20,060 ಮಹಿಳೆಯರಲ್ಲಿ ನಡೆದು 2017ರಲ್ಲಿ ಪ್ರಕಟವಾದ ವುಮನ್ ಪ್ರಯೋಗದಲ್ಲಿ ಹೆರಿಗೆಯಾಗಿ ಮೂರು ಗಂಟೆಗಳೊಳಗೆ ಟ್ರಾನೆಕ್ಸಾಮಿಕ್ ಆಮ್ಲ ಪಡೆದವರಲ್ಲಿ ರಕ್ತಸ್ರಾವದ ಸಾವು ಶೇ. 1.2, ಪ್ಲಸೀಬೊ ಪಡೆದವರಲ್ಲಿ ಶೇ. 1.7 ಇತ್ತು. ಮೂರು ಗಂಟೆ ಕಳೆದ ಮೇಲೆ ಆ ಲಾಭ ಕಾಣಲಿಲ್ಲ. ನಮ್ಮ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಗಟ್ಟಿಮುಟ್ಟಾದವಳು ತಾಳಿಕೊಳ್ಳುವಷ್ಟು ರಕ್ತ ಹೋದರೂ ಇಂಥವರಲ್ಲಿ ಅನೇಕರು ಕುಸಿಯುತ್ತಾರೆ.

ಆದ್ದರಿಂದ ಸಿಸ್ಟರ್, ನಿಮ್ಮ 19 ತಾಯಂದಿರಿಗೆ ಗೆರೆ ದಾಟಿದ ಮೇಲೆ ಎಷ್ಟು ನಿಮಿಷದಲ್ಲಿ ಏನೇನು ಮಾಡಿದಿರಿ ಎಂಬುದನ್ನು ದಯವಿಟ್ಟು ಬರೆಯಿರಿ. ನನಗೆ ಪ್ರಕರಣಗಳ ಸಂಖ್ಯೆಗಿಂತ ಅದೇ ಮುಖ್ಯ.

ಸಭೆಗೆ ಒಂದು ಎಚ್ಚರಿಕೆ. ಈಗ ಹಗುರವಾದ ಪ್ರಕರಣಗಳೂ ಪಟ್ಟಿಗೆ ಸೇರುವುದರಿಂದ, ಪ್ರಕರಣಗಳ ಪೈಕಿ ರಕ್ತ ಬೇಕಾದವರ ಶೇಕಡಾವಾರು ತಾನಾಗಿಯೇ ಇಳಿಯುತ್ತದೆ. ಅದನ್ನು ನಿಮ್ಮ ಸಾಧನೆಯೆಂದು ತೋರಿಸಬೇಡಿ. ಭಾಗಿಸುವಾಗ ಕೆಳಗಿನ ಅಂಕಿ ಯಾವಾಗಲೂ ಒಟ್ಟು ಹೆರಿಗೆಗಳೇ ಆಗಿರಲಿ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ವಂದನೆಗಳು. ಎರಡು ರಾತ್ರಿಪಾಳಿಗಳ ನಡುವೆ ಬಿಡುವು ಮಾಡಿಕೊಂಡು ರಿಜಿಸ್ಟರುಗಳನ್ನು ನೋಡಿದೆ.

ಜನವರಿಯಿಂದ ಜೂನ್‌ವರೆಗಿನ ಕಣ್ಣಳತೆಯ ಅಂಕಿಗಳು ಸರ್ ಹೇಳಿದಂತೆಯೇ ಇವೆ. ಬಹುಪಾಲು ಪುಟಗಳಲ್ಲಿ 150 ಮತ್ತು 200 ಬಿಟ್ಟು ಮೂರನೆಯ ಅಂಕಿಯೇ ಸಿಗುವುದಿಲ್ಲ. ಡ್ರೇಪ್ ಬಂದ ಮೇಲೆ 180, 220, 340, 410 ಎಂದೆಲ್ಲ ಇವೆ.

ಆಮೇಲೆ ರೆಫರಲ್ ರಿಜಿಸ್ಟರ್ ತೆರೆದೆ. ಮೊದಲ ಆರು ತಿಂಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವಕ್ಕೆಂದು 108ರಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದವರು ಆರು ಮಂದಿ. ಆದರೆ ಹೆರಿಗೆ ರಿಜಿಸ್ಟರಿನಲ್ಲಿ ಇಡೀ ಅವಧಿಗೆ ಇರುವ ಪ್ರಕರಣಗಳೇ ಐದು! ಆ ಆರು ಜನರಲ್ಲಿ ಮೂವರು ಮಾತ್ರ ಈ ಐದರಲ್ಲಿ ಇದ್ದಾರೆ. ಉಳಿದ ಮೂವರ ಎದುರು ಬರೆದಿರುವುದು 200, 250 ಮತ್ತು 300. ಆ 250 ಎಂದು ಬರೆದದ್ದು ನಾನೇ. ಆ ಹೆರಿಗೆ ನನಗೆ ಚೆನ್ನಾಗಿ ನೆನಪಿದೆ. ಎರಡನೆಯ ಹೆರಿಗೆ, ನಸುಕಿನ ಜಾವ; ಗರ್ಭಕೋಶ ಗಟ್ಟಿಯಾಗಿದೆ ಎಂದುಕೊಂಡು ಪಕ್ಕದ ಮಂಚಕ್ಕೆ ಹೋಗಿದ್ದೆ. ಮರಳಿ ಬಂದಾಗ ಆಕೆ ಬಾಯಾರಿಕೆ ಎಂದಳು, ಕೈ ಮುಟ್ಟಿದರೆ ತಣ್ಣಗಿತ್ತು, ನಾಡಿ 130 ಇತ್ತು. ಸೊಂಟದ ಕೆಳಗಿನ ಬಟ್ಟೆಯ ಮಡಿಕೆಯಲ್ಲಿ ಹೆಪ್ಪುಗಟ್ಟಿದ ರಕ್ತ ನಿಂತಿದ್ದು ಮೇಲಿನಿಂದ ಕಾಣುತ್ತಿರಲಿಲ್ಲ. ಆಕೆ ಉಳಿದಳು. ಆದರೆ ಕೇಸ್ ಶೀಟ್ ಬರೆಯುವಾಗ ಮೊದಲು ಹಾಕಿದ್ದ ಅಂಕಿಯನ್ನು ನಾನು ತಿದ್ದಿರಲಿಲ್ಲ.

ಡ್ರೇಪಿನ ಆರು ತಿಂಗಳಲ್ಲಿ ಕಳುಹಿಸಿದವರು ನಾಲ್ಕು ಮಂದಿ, ನಾಲ್ವರೂ ಆ 19ರೊಳಗೆ ಇದ್ದಾರೆ. ಆರರಿಂದ ನಾಲ್ಕಕ್ಕೆ ಇಳಿದಿದೆ ಎಂದು ಸಭೆಯಲ್ಲಿ ಹೇಳಬಹುದೇ? ಬೋಧಕಿ ಮೇಡಂ, ಫ್ರಿಜ್ ಪುಸ್ತಕದಲ್ಲಿ ಆಗಸ್ಟ್ ತಿಂಗಳ ಒಂಬತ್ತು ದಿನಗಳ ಜಾಗ ಖಾಲಿ ಇದೆ. ಡಾಕ್ಟರ್ ಮೇಡಂ, ಗೆರೆ ದಾಟಿದ ಸಮಯವನ್ನು ನಾವು ಬರೆದೇ ಇಲ್ಲ. ಔಷಧ ಕೊಟ್ಟ ಸಮಯ ಮಾತ್ರ ಇದೆ.

ಉತ್ತರ 1 ಬರೆದವರು

ಸಿಸ್ಟರ್, ನಿಮ್ಮದೇ ಕೈಬರಹವನ್ನು ಮುಚ್ಚಿಡದೆ ಬರೆದಿರಿ. ಆರರಲ್ಲಿ ಮೂವರು ರಿಜಿಸ್ಟರಿನಿಂದ ತಪ್ಪಿಹೋಗಿದ್ದರೆಂಬ ಒಂದು ಸಾಲು ಸಭೆಗೆ ಸಾಕು. ಕಳುಹಿಸಲೇಬೇಕಾದಷ್ಟು ರಕ್ತ ಹೋದವರಲ್ಲೇ ಅರ್ಧ ಮಂದಿ ಲೆಕ್ಕಕ್ಕೆ ಸಿಗದಿದ್ದ ಮೇಲೆ ಹಳೆಯ 5 ಎಂಬ ಅಂಕಿಯನ್ನು ಯಾವ ಹೋಲಿಕೆಗೂ ಆಧಾರವಾಗಿ ಬಳಸಲು ಬರುವುದಿಲ್ಲ.

ಆದರೆ ಆರರಿಂದ ನಾಲ್ಕಕ್ಕೆ ಇಳಿಯಿತೆಂದು ಹೇಳಬೇಡಿ. ಇಷ್ಟು ಸಣ್ಣ ಅಂಕಿಗಳು ಯಾವ ಕಾರಣವೂ ಇಲ್ಲದೆ ಹೀಗೆ ಏರಿಳಿಯುತ್ತವೆ. ಮೇಲಾಗಿ ಎರಡನೆಯ ಅವಧಿಯಲ್ಲಿ ಮಳೆಗಾಲವಿತ್ತು. ಘಟ್ಟದ ರಸ್ತೆ ಕೆಟ್ಟಾಗ ಕಳುಹಿಸಬೇಕಾದವರನ್ನೂ ಅಲ್ಲೇ ಉಳಿಸಿಕೊಂಡಿರಬಹುದು. ಸಾವು ಆಗಿಲ್ಲವೆಂಬುದೂ ಅಷ್ಟೇ. 271 ಹೆರಿಗೆಗಳಲ್ಲಿ ಒಂದೂ ಇಲ್ಲದಿದ್ದರೆ, ಸೊನ್ನೆ ಬಂದಾಗ ಗರಿಷ್ಠ ಅಪಾಯವನ್ನು ಅಂದಾಜು ಮಾಡುವ ಸರಳ ಸೂತ್ರದಂತೆ 3ನ್ನು 271ರಿಂದ ಭಾಗಿಸಿ ನೋಡಿ: ನಿಜವಾದ ಅಪಾಯ ತೊಂಬತ್ತಕ್ಕೆ ಒಂದರಷ್ಟಿದ್ದರೂ ಇಂಥ ಸೊನ್ನೆ ಬರಬಹುದು. ಸಂತೋಷದ ವಿಷಯ ಹೌದು, ಸುರಕ್ಷತೆಗೆ ಪುರಾವೆಯಲ್ಲ.

ಮುಂದಿನ ದಾರಿ ಹೀಗಿರಲಿ. ಡ್ರೇಪ್ ಬಂದ ಜುಲೈಯನ್ನೇ ಮೊದಲ ತಿಂಗಳೆಂದು ಹಿಡಿದು, ತಿಂಗಳಿಗೊಂದು ಬಿಂದುವಿನಂತೆ ನಕ್ಷೆಯ ಹಾಳೆಯಲ್ಲಿ ಗುರುತಿಸುತ್ತಾ ಹೋಗಿ. ಹಳೆಯ ಅಂಕಿಗಳನ್ನು ಅದಕ್ಕೆ ಸೇರಿಸಬೇಡಿ. ನೂರು ಹೆರಿಗೆಗೆ ಎಷ್ಟು ಮಂದಿ 500 ದಾಟಿದರು ಎಂಬುದು ಒಂದು ಗೆರೆ, 1000 ದಾಟಿದವರು ಇನ್ನೊಂದು. ಡಾಕ್ಟರ್ ಮೇಡಂ ಕೇಳಿದ ನಿಮಿಷಗಳ ಲೆಕ್ಕ ಆರಂಭವಾಗುವ ತಿಂಗಳಲ್ಲಿ ಲಂಬವಾಗಿ ಒಂದು ಗೀಟು ಎಳೆಯಿರಿ. ಗೀಟಿನ ಎರಡೂ ಬದಿಗೆ ಒಂದೇ ಡ್ರೇಪ್ ಇರುವುದರಿಂದ ಆಗ ಹೋಲಿಕೆಗೆ ಅರ್ಥವಿರುತ್ತದೆ. ವಾರ್ಡಿನ ಸುಧಾರಣೆಗಷ್ಟೇ ಆದರೆ ಮುಖ್ಯ ವೈದ್ಯಾಧಿಕಾರಿಗಳ ಒಪ್ಪಿಗೆಯಿಂದ ಆರಂಭಿಸಬಹುದು. ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ಆರಂಭಿಸಿದ ಲಕ್ಷ್ಯ ಕಾರ್ಯಕ್ರಮದ ಉದ್ದೇಶವೂ ಹೆರಿಗೆ ಕೋಣೆಯ ಇಂಥ ಸುಧಾರಣೆಯೇ. ಮುಂದೆ ಲೇಖನವಾಗಿ ಪ್ರಕಟಿಸುವ ಆಲೋಚನೆ ಇದ್ದರೆ ಮಾತ್ರ ಆರಂಭಕ್ಕೆ ಮುನ್ನವೇ ನೈತಿಕ ಸಮಿತಿಯ ಮುಂದೆ ಹೋಗಿ, ಆಮೇಲೆ ಕೇಳಿದರೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು

ಸಭೆಗೆ ಒಂದೇ ಹಾಳೆ ಸಿದ್ಧಪಡಿಸಿದ್ದೇನೆ. ಮೇಲ್ಭಾಗದಲ್ಲಿ ಆ ಆರು ತಾಯಂದಿರು ಮತ್ತು ಅವರ ಎದುರು ಬರೆದಿದ್ದ ಅಂಕಿಗಳು, ಹೆಸರಿಲ್ಲದೆ. ಕೆಳಗೆ ಫ್ರಿಜ್ ಪುಸ್ತಕದ ಖಾಲಿ ಒಂಬತ್ತು ದಿನಗಳನ್ನೂ ಸೇರಿಸಿದ್ದೇನೆ, ಏಕೆಂದರೆ ಅದು ನಮ್ಮದೇ ಲೋಪ. ಹೆರಿಗೆ ರಿಜಿಸ್ಟರಿನಲ್ಲಿ ಕೆಂಪು ಪೆನ್ನಿನಿಂದ ಎರಡು ಹೊಸ ಅಂಕಣ ಎಳೆದಾಗಿದೆ: 300 ದಾಟಿದ ಸಮಯ, 500 ದಾಟಿದ ಸಮಯ. ನಿನ್ನೆ ರಾತ್ರಿ ಒಬ್ಬರಿಗೆ 3.10ಕ್ಕೆ 300 ದಾಟಿತು, ನಾಡಿಯೂ ಏರುತ್ತಿತ್ತು. 3.16ರ ಹೊತ್ತಿಗೆ ಚುಚ್ಚುಮದ್ದು, ದ್ರವ ಎರಡೂ ಶುರುವಾಗಿದ್ದವು, ವೈದ್ಯರು ಮಂಚದ ಬಳಿ ಇದ್ದರು. ಚೀಲದ ಕೊನೆಯ ಅಂಕಿ 420. ಎರಡನೆಯ ಅಂಕಣದಲ್ಲಿ ಒಂದು ಅಡ್ಡಗೆರೆ ಹಾಕಿದೆ.